ಆ್ಯಪ್‌ನಲ್ಲಿ ಗಾಳಿ ‘ತೃಪ್ತಿಕರ’, ಮನೆಯಲ್ಲಿ ಸುಟ್ಟ ವೈರ್ ವಾಸನೆ: ಹುಬ್ಬಳ್ಳಿಯಲ್ಲಿ ಗಾಳಿಯ ವಿಷ ಅಳೆಯುವವರು ಯಾರು?

ಗಿರಣಿ ಚಾಳದ ಮೊಮ್ಮಗಳು | ಜನವರಿ 8, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾವು ಗೋಕುಲ ರಸ್ತೆಯಿಂದ ಒಳಗೆ ಒಂದು ಹೊಸ ಬಡಾವಣೆಯಲ್ಲಿದ್ದೇವೆ. ಡಿಸೆಂಬರ್‌ನಿಂದ ವಾರಕ್ಕೆ ಎರಡು-ಮೂರು ರಾತ್ರಿ ಒಂದು ಕೆಟ್ಟ ವಾಸನೆ ಬರುತ್ತಿದೆ. ಹತ್ತೂವರೆ, ಹನ್ನೊಂದರ ಹೊತ್ತಿಗೆ ಶುರುವಾಗುತ್ತದೆ. ಸುಟ್ಟ ವೈರ್ ಇದ್ದ ಹಾಗೆ. ಗಂಟಲು ಉರಿಯುತ್ತದೆ. ಅತ್ತೆ ಎದ್ದು ಕೂತುಬಿಡುತ್ತಾರೆ. ಕಿಟಕಿ ಸಂದಿಗೆ ಹಳೆ ಸೀರೆ ತುರುಕಿ ಮಲಗುತ್ತೇವೆ.

ಪ್ರತಿ ಸಲ ಮೊಬೈಲ್ ತೆಗೆದು ಗಾಳಿಯ ಗುಣಮಟ್ಟ ತೋರಿಸುವ ಸರ್ಕಾರಿ ಆ್ಯಪ್ ಸಮೀರ್ ನೋಡುತ್ತೇನೆ. ಇವತ್ತು ಹುಬ್ಬಳ್ಳಿಗೆ 78 ತೋರಿಸುತ್ತಿದೆ. ‘ತೃಪ್ತಿಕರ’ ಅಂತೆ. ಈಗಲೂ ವಾಸನೆ ಇದೆ, ಅದನ್ನೇ ಕುಡಿಯುತ್ತಾ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಪಶ್ಚಿಮಕ್ಕೆ ಶೆಡ್‌ಗಳಿವೆ, ಎರಡು ಚಿಮಣಿ ಕಾಣುತ್ತವೆ. ಓಣಿಯವರೆಲ್ಲ ಅದರದ್ದೇ ಕೆಲಸ ಅನ್ನುತ್ತಾರೆ. ನನಗೆ ತಿಳಿಯಬೇಕಾದದ್ದು ಇಷ್ಟು. ಗಾಳಿಯಲ್ಲಿನ ವಿಷವನ್ನು ಸರ್ಕಾರ ಅಳೆಯುತ್ತದೆಯಾ? ಅಳೆದರೆ ಆ್ಯಪ್‌ನಲ್ಲಿ ಯಾಕೆ ಕಾಣುವುದಿಲ್ಲ?

ನನ್ನ ಅಜ್ಜ ಗಿರಣಿಯಲ್ಲಿ ದುಡಿದವರು. ಹತ್ತಿ ಧೂಳು ಒಳಗೆ ಹೋಗಿ ಹೋಗಿ ಕೊನೆಯ ವರ್ಷಗಳನ್ನು ಕೆಮ್ಮಿನಲ್ಲೇ ಕಳೆದರು. ಆ ಧೂಳನ್ನು ಅವರ ಕಾಲದಲ್ಲಿ ಯಾರೂ ಅಳೆದದ್ದು ಮನೆಯವರಿಗೆ ನೆನಪಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ವಿದ್ಯಾನಗರ ಸೈಕಲ್ | ಜನವರಿ 9, ಬೆಳಿಗ್ಗೆ 6:55

ಅಕ್ಕಾ, ನಮ್ಮ ಕಡೆ ವಾಸನೆ ಇಲ್ಲ, ಧೂಳಿದೆ. ದಿನಾ ಉಣಕಲ್ ತನಕ ಸೈಕಲ್ ಹೊಡೆಯುತ್ತೇನೆ, ಬಂದು ಮುಖ ಒರೆಸಿದರೆ ಟವೆಲ್ ಕೆಂಪು.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ಗಾಳಿ ಮಾನದಂಡಕ್ಕೆ ಮುಟ್ಟದ ಊರುಗಳ ಪಟ್ಟಿ ಅದರಲ್ಲಿದೆ. ಕರ್ನಾಟಕದಿಂದ ನಾಲ್ಕು: ಬೆಂಗಳೂರು, ದಾವಣಗೆರೆ, ಕಲಬುರಗಿ, ನಮ್ಮ ಹುಬ್ಬಳ್ಳಿ-ಧಾರವಾಡ. ಧೂಳು ಕಡಿಮೆ ಮಾಡೋದೇ ಅದರ ಮುಖ್ಯ ಗುರಿ. ಮೊದಲು 2024ರೊಳಗೆ 20ರಿಂದ 30% ಇಳಿಸುತ್ತೇವೆ ಅಂದರು, ಆಮೇಲೆ 2026ಕ್ಕೆ 40% ಅಂದರು. ರಸ್ತೆ ಗುಡಿಸುವ ಮಷಿನ್, ನೀರು ಹೊಡೆಯುವ ಗಾಡಿ ಎಲ್ಲ ಇಂಥ ದುಡ್ಡಿನಲ್ಲೇ ಬರುವುದು.

ಚಿಮಣಿ ಹತ್ತುವವ | ಜನವರಿ 9, ಮಧ್ಯಾಹ್ನ 1:20

ನಾನು ಒಂದು ಖಾಸಗಿ ಪ್ರಯೋಗಾಲಯದಲ್ಲಿ 14 ವರ್ಷದಿಂದ ಗಾಳಿ ಸ್ಯಾಂಪಲ್ ತೆಗೆಯುವ ಕೆಲಸ ಮಾಡುತ್ತಿದ್ದೇನೆ. ಅಕ್ಕನವರ ಪ್ರಶ್ನೆ ಓದಿ ಊಟದ ಡಬ್ಬಿ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೇಜಾರಾಗಬೇಡಿ.

ನಮ್ಮ ದೇಶದಲ್ಲಿ ಹೊರಗಿನ ಗಾಳಿಗೆ 12 ವಸ್ತುಗಳ ಮಿತಿ ಇದೆ. 2009ರ ನವೆಂಬರ್‌ನಲ್ಲಿ ಬಂದ ಮಾನದಂಡ ಅದು. ದಪ್ಪ ಧೂಳು ಅಂದರೆ ಪಿಎಂ 10, ಸಣ್ಣ ಧೂಳು ಅಂದರೆ ಪಿಎಂ 2.5, ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಓಝೋನ್, ಸೀಸ, ಕಾರ್ಬನ್ ಮೊನಾಕ್ಸೈಡ್, ಅಮೋನಿಯ. ಇವು ಎಂಟು. ಉಳಿದ ನಾಲ್ಕು ಬೆಂಜೀನ್, ಬೆಂಜೋಪೈರೀನ್, ಆರ್ಸೆನಿಕ್, ನಿಕ್ಕಲ್.

ಮೊಬೈಲ್‌ನಲ್ಲಿ ಕಾಣುವ ಅಂಕಿ, ಅಂದರೆ ಗಾಳಿ ಗುಣಮಟ್ಟ ಸೂಚ್ಯಂಕ, 2015ರಲ್ಲಿ ಜಾರಿಗೆ ಬಂತು. ಅದಕ್ಕೆ ಲೆಕ್ಕ ಹಿಡಿಯುವುದು ಮೊದಲ ಎಂಟನ್ನು ಮಾತ್ರ. ಕೊನೆಯ ನಾಲ್ಕು ಅದರಲ್ಲಿ ಇಲ್ಲವೇ ಇಲ್ಲ. ಆ ನಾಲ್ಕೂ ಕ್ಯಾನ್ಸರ್‌ಗೆ ಸಂಬಂಧಪಟ್ಟವು. ಎಂಟನ್ನೂ ಎಲ್ಲ ಕಡೆ ಅಳೆಯಲೇಬೇಕು ಅಂತಿಲ್ಲ. ಮೂರು ಸಿಕ್ಕರೆ ಸಾಕು, ಅದರಲ್ಲಿ ಒಂದು ಧೂಳು ಆಗಿರಬೇಕು, ಸೂಚ್ಯಂಕ ಹೊರಬೀಳುತ್ತದೆ. ಇದ್ದವುಗಳಲ್ಲಿ ಯಾವುದು ಅತಿ ಕೆಟ್ಟದ್ದೋ ಅದರ ಅಂಕಿಯೇ ಊರಿನ ಅಂಕಿ.

ಇನ್ನೊಂದು ವಿಷಯ. ಧೂಳಿನ ಲೆಕ್ಕ 24 ಗಂಟೆಯ ಸರಾಸರಿ. ನಿಮ್ಮಲ್ಲಿ ರಾತ್ರಿ ಎರಡು ತಾಸು ಹೊಗೆ ಬಂದರೆ ಉಳಿದ 22 ತಾಸು ಅದನ್ನು ಮುಚ್ಚಿಹಾಕುತ್ತದೆ. ಯಂತ್ರ ಇರುವುದು ನಿಮ್ಮ ಓಣಿಯಲ್ಲೂ ಅಲ್ಲ. ಅಕ್ಕಾ, ನಿಮ್ಮ ಮೂಗೂ ಸುಳ್ಳಲ್ಲ, ಆ್ಯಪೂ ಸುಳ್ಳಲ್ಲ. ನಿಮ್ಮ ಪ್ರಶ್ನೆಯನ್ನು ಆ್ಯಪ್‌ಗೆ ಯಾರೂ ಕೇಳಿಯೇ ಇಲ್ಲ.

ಸಾಧನಕೇರಿ | ಜನವರಿ 9, ಮಧ್ಯಾಹ್ನ 3:05

ಆ ನಾಲ್ಕನ್ನು ಯಾಕೆ ಬಿಟ್ಟರು ಸರ್? ಮಿತಿ ಹಾಕಿ ಆಮೇಲೆ ಲೆಕ್ಕದಿಂದ ಕೈಬಿಟ್ಟರೆ ಹೇಗೆ?

ಚಿಮಣಿ ಹತ್ತುವವ | ಜನವರಿ 9, ರಾತ್ರಿ 9:30

ಒಂದು ಕಾರಣ, ಅವುಗಳ ಮಿತಿ ಇರುವುದು ವರ್ಷದ ಸರಾಸರಿಗೆ. ಒಂದು ದಿನದ ಮಿತಿ ಇಲ್ಲ. ಬೆಂಜೀನ್ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ. ಬೆಂಜೋಪೈರೀನ್ 1 ನ್ಯಾನೋಗ್ರಾಂ, ಆರ್ಸೆನಿಕ್ 6, ನಿಕ್ಕಲ್ 20. ಒಂದು ನ್ಯಾನೋಗ್ರಾಂ ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಯೂರೋಪಿನವರು ಇಟ್ಟುಕೊಂಡಿದ್ದ ಅಂಕಿಗಳೂ ಇವೇ. ಈಗ ಅವರು ಬೆಂಜೀನ್ ಮಿತಿಯನ್ನು 2030ಕ್ಕೆ 3.4ಕ್ಕೆ ಇಳಿಸಲು ಹೊರಟಿದ್ದಾರೆ.

ಎರಡನೆಯದು, ಕೆಲಸ ಕಷ್ಟ. ಧೂಳು ಅಳೆಯುವುದು ಸುಲಭ. ತೂಕ ಮಾಡಿದ ಫಿಲ್ಟರ್ ಹಾಕಿ ಗಾಳಿ ಎಳೆಯುತ್ತೇವೆ, ಆಮೇಲೆ ಮತ್ತೆ ತೂಗುತ್ತೇವೆ. ಹೆಚ್ಚಾದದ್ದು ಧೂಳು. ಆದರೆ ಆ ಧೂಳಿನಲ್ಲಿ ನಿಕ್ಕಲ್ ಎಷ್ಟಿದೆ ಅಂತ ಹೇಳಬೇಕಾದರೆ ಫಿಲ್ಟರನ್ನು ಆಸಿಡ್‌ನಲ್ಲಿ ಕರಗಿಸಿ ದೊಡ್ಡ ಯಂತ್ರಕ್ಕೆ ಕೊಡಬೇಕು. ಬೆಂಜೋಪೈರೀನ್‌ಗೆ ಟೊಲ್ವೀನ್‌ನಲ್ಲಿ ನೆನೆಸಿ ತೆಗೆಯಬೇಕು. ಬೆಂಜೀನ್ ಫಿಲ್ಟರ್‌ಗೆ ಸಿಗುವುದೇ ಇಲ್ಲ, ಅದು ಆವಿ. ಅದನ್ನು ಇದ್ದಿಲು ತುಂಬಿದ ಗಾಜಿನ ಕೊಳವೆಯಲ್ಲಿ ಹಿಡಿಯಬೇಕು.

ಕೈಯಿಂದ ಸ್ಯಾಂಪಲ್ ತೆಗೆಯುವ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನ ಅಳೆಯುವುದು ನಿಯಮ. ವರ್ಷಕ್ಕೆ 104 ದಿನ. ಮಂಗಳವಾರ ಅಳೆದು ಬುಧವಾರ ಯಾರಾದರೂ ಸುಟ್ಟರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ.

ಕಷ್ಟ ಅಂತ ಬಿಡಬಹುದಾ ಅಂದರೆ, ಬಿಡಬಾರದು. ನನ್ನ ಕೈಯಲ್ಲೇ ಆಗುವ ಕೆಲಸ ಇದು. ಮಾಡಿಸಿದರೆ ಮಾಡುತ್ತೇವೆ.

ಬಂಕ್ ಹುಡುಗ | ಜನವರಿ 9, ರಾತ್ರಿ 10:48

ಬೆಂಜೀನ್ ಅಂದರೆ ಪೆಟ್ರೋಲ್‌ನಲ್ಲಿ ಇರೋದಾ ಸರ್? ನಾನು ಬಂಕ್‌ನಲ್ಲಿ ಕೆಲಸ ಮಾಡುತ್ತೇನೆ. ದಿನಾ ಹತ್ತು ತಾಸು ಅದೇ ವಾಸನೆ. ಈಗ ವಾಸನೆ ಗೊತ್ತೇ ಆಗುವುದಿಲ್ಲ.

ಚಿಮಣಿ ಹತ್ತುವವ | ಜನವರಿ 9, ರಾತ್ರಿ 11:15

ಹೌದು ತಮ್ಮಾ, ಅದೇ. ಈಗ ಪೆಟ್ರೋಲ್‌ನಲ್ಲಿ 1%ಕ್ಕಿಂತ ಜಾಸ್ತಿ ಬೆಂಜೀನ್ ಇರುವ ಹಾಗಿಲ್ಲ, ಮೊದಲು ಜಾಸ್ತಿ ಇರುತ್ತಿತ್ತು. 2000ನೇ ಇಸವಿಯಲ್ಲಿ ಪೆಟ್ರೋಲ್‌ನಿಂದ ಸೀಸ ತೆಗೆದರು. ಊರ ಗಾಳಿಯಲ್ಲಿನ ಒಂದು ವಿಷಕ್ಕೆ ಸರ್ಕಾರ ಕೊಟ್ಟ ದೊಡ್ಡ ಏಟು ಅದು. ಒಂದೊಂದು ಗಾಡಿ ಹಿಡಿಯಲಿಲ್ಲ, ಮೂಲದಲ್ಲೇ ತೆಗೆದುಬಿಟ್ಟರು.

ನೀನು ಮಾಡಬೇಕಾದದ್ದು ಇಷ್ಟು. ಟ್ಯಾಂಕರ್ ಇಳಿಸುವಾಗ ಹತ್ತಿರ ನಿಲ್ಲಬೇಡ. ನಳಿಕೆ ಹಿಡಿದಾಗ ಗಾಳಿ ಬರುವ ಕಡೆ ಬೆನ್ನು ಮಾಡಬೇಡ, ಓರೆಯಾಗಿ ನಿಲ್ಲು. ಕೈಗೆ ಬಿದ್ದ ಪೆಟ್ರೋಲನ್ನು ಬಟ್ಟೆಗೆ ಒರೆಸಿಕೊಳ್ಳಬೇಡ. ನಳಿಕೆಯಲ್ಲೇ ಆವಿ ವಾಪಸ್ ಎಳೆದುಕೊಳ್ಳುವ ವ್ಯವಸ್ಥೆ ಇದೆಯಾ ಅಂತ ಮಾಲೀಕರನ್ನು ಕೇಳು. ಇದ್ದರೆ ಅದು ನಡೆಯುತ್ತಿದೆಯಾ ಅಂತಲೂ ಕೇಳು. ಬಟ್ಟೆ ಬಾಯಿಗೆ ಕಟ್ಟಿಕೊಂಡರೆ ಆವಿ ತಡೆಯುವುದಿಲ್ಲ, ಅದನ್ನು ನಂಬಬೇಡ.

ಹೂಸ್ಟನ್‌ನಲ್ಲಿರುವ ಧಾರವಾಡದವ | ಜನವರಿ 10, ಬೆಳಿಗ್ಗೆ 8:10

ಹುಟ್ಟಿ ಬೆಳೆದದ್ದು ಸಪ್ತಾಪುರ, ಈಗ ಇರುವುದು ಎಣ್ಣೆ ಶುದ್ಧೀಕರಣ ಘಟಕಗಳ ಊರಲ್ಲಿ. ಇಲ್ಲಿಯ ದಾರಿ ಬೇರೆ, ಹೇಳುತ್ತೇನೆ.

ಅಮೆರಿಕದಲ್ಲಿ 1970ರಲ್ಲೇ ಶುದ್ಧ ಗಾಳಿ ಕಾಯ್ದೆ ಬಂತು. ವಿಷದ ವಸ್ತುಗಳಿಗೆ ಒಂದೊಂದಾಗಿ ಮಿತಿ ಹಾಕಿ ಎಂದಿತ್ತು. ಎಷ್ಟು ಇದ್ದರೆ ಸುರಕ್ಷಿತ ಅಂತ ಪ್ರತಿಯೊಂದಕ್ಕೂ ಸಾಬೀತು ಮಾಡುವುದರಲ್ಲೇ 20 ವರ್ಷ ಹೋಯಿತು. ಅಷ್ಟು ದಿನದಲ್ಲಿ ನಿಯಮ ಆದದ್ದು ಏಳಕ್ಕೆ ಮಾತ್ರ. ಕೊನೆಗೆ 1990ರಲ್ಲಿ ಅಲ್ಲಿಯ ಸಂಸತ್ತೇ ಕೂತು 189 ವಿಷಗಳ ಪಟ್ಟಿಯನ್ನು ಕಾಯ್ದೆಯೊಳಗೇ ಬರೆಯಿತು. ಕ್ರಮವನ್ನೂ ತಿರುಗಿಸಿತು. ಸುರಕ್ಷಿತ ಎಷ್ಟು ಅನ್ನುವ ವಾದ ಆಮೇಲೆ, ಮೊದಲು ನಿಮ್ಮ ಥರದ್ದೇ ಕಾರ್ಖಾನೆಗಳಲ್ಲಿ ಅತಿ ಕಡಿಮೆ ವಿಷ ಬಿಡುವ 12% ಯಾವುವೋ ನೋಡಿ, ಅವುಗಳ ಸರಾಸರಿಗೆ ನೀವೂ ಬನ್ನಿ ಅಂದಿತು. ಎಂಟು ವರ್ಷ ಕಳೆದ ಮೇಲೆ, ಇನ್ನೂ ಎಷ್ಟು ಅಪಾಯ ಉಳಿದಿದೆ ಅಂತ ಮತ್ತೆ ನೋಡಬೇಕು.

ನನಗೆ ಬಹಳ ಹಿಡಿಸಿದ್ದು ಬೇಲಿಯ ನಿಯಮ. 2015ರಲ್ಲಿ ಬಂದದ್ದು. ಶುದ್ಧೀಕರಣ ಘಟಕದ ಬೇಲಿಯ ಸುತ್ತಲೂ ಸಣ್ಣ ಕೊಳವೆಗಳನ್ನು ನೇತುಹಾಕಬೇಕು. ಎರಡು ವಾರಕ್ಕೊಮ್ಮೆ ತೆಗೆದು ಬೆಂಜೀನ್ ಅಳೆಯಬೇಕು. ಘಟಕದಿಂದ ಸೇರುವ ಬೆಂಜೀನ್ ವರ್ಷದ ಸರಾಸರಿಯಲ್ಲಿ 9 ಮೈಕ್ರೋಗ್ರಾಂ ದಾಟಿದರೆ ಎಲ್ಲಿ ಸೋರುತ್ತಿದೆ ಹುಡುಕಿ ಸರಿಮಾಡಬೇಕು. ಅಂಕಿ ಜನರಿಗೆ ಕಾಣಬೇಕು. ಕೊಳವೆ ಬೆರಳಿನಷ್ಟು ಉದ್ದ, ಕರೆಂಟೂ ಬೇಡ.

ಇನ್ನೊಂದು ಮಾತು. ಯಾವ ಕಾರ್ಖಾನೆ ಯಾವ ವಿಷ ಎಷ್ಟು ಬಿಟ್ಟಿತು ಅಂತ ಪ್ರತಿ ವರ್ಷ ಜನರ ಮುಂದೆ ಇಡುವ ಕಾಯ್ದೆ ಇಲ್ಲಿ ಬಂದದ್ದು 1986ರಲ್ಲಿ. ಭೋಪಾಲ್ ನೋಡಿ ಹೆದರಿ ತಂದ ಕಾಯ್ದೆ ಅದು. ಸತ್ತವರು ನಮ್ಮವರು. ಪಟ್ಟಿ ಸಿಕ್ಕಿದ್ದು ಇವರಿಗೆ. ನೆನೆದಾಗಲೆಲ್ಲ ಹೊಟ್ಟೆ ಸಂಕಟವಾಗುತ್ತದೆ.

ನವನಗರ ಲಾ | ಜನವರಿ 10, ಬೆಳಿಗ್ಗೆ 10:25

ಅಣ್ಣಾ, ಅದೇ 1986ರಲ್ಲಿ ನಮ್ಮಲ್ಲೂ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದಕ್ಕೂ ಮೊದಲು 1981ರ ವಾಯು ಕಾಯ್ದೆ ಇತ್ತು. ಕಾನೂನು ಓದುತ್ತಿದ್ದೇನೆ, ಹಾಗಾಗಿ ನಮ್ಮ ಕೈಯಲ್ಲಿ ಏನಿದೆ ಅಂತ ಹೇಳುತ್ತೇನೆ.

ಕಾರ್ಖಾನೆ ಕಟ್ಟುವ ಮೊದಲು ಒಂದು, ನಡೆಸುವ ಮೊದಲು ಇನ್ನೊಂದು ಸಮ್ಮತಿ ಪತ್ರ ಬೇಕು. ಕೊಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಮಾಲಿನ್ಯ ಎಷ್ಟು ಅಂತ ಅಂಕ ಹಾಕಿ ಉದ್ಯಮಗಳನ್ನು ಬಣ್ಣಗಳಾಗಿ ವಿಂಗಡಿಸಿದ್ದಾರೆ. ಅಂಕ ಅತಿ ಹೆಚ್ಚಿದ್ದರೆ ಕೆಂಪು, ಆಮೇಲೆ ಕಿತ್ತಳೆ, ಹಸಿರು, ಬಿಳಿ. ಸಮ್ಮತಿ ಪತ್ರದಲ್ಲಿ ಷರತ್ತು ಇರುತ್ತದೆ: ಚಿಮಣಿ ಎಷ್ಟು ಎತ್ತರ, ಯಾವ ಇಂಧನ, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ. ಷರತ್ತು ಮುರಿದರೆ ಮಂಡಳಿ ಕಾರ್ಖಾನೆ ಮುಚ್ಚಿಸಬಹುದು, ಕರೆಂಟು ಮತ್ತು ನೀರು ಕತ್ತರಿಸಿ ಅಂತ ಆದೇಶ ಮಾಡಬಹುದು. ಕಾಯ್ದೆಯ 31ಎ ಕಲಮು ಅದು.

ಒಂದು ಬದಲಾವಣೆ ಗಮನಿಸಿ. ವಾಯು ಕಾಯ್ದೆ ಮುರಿದರೆ ಮೊದಲು ಜೈಲು ಇತ್ತು. 2023ರ ಜನ ವಿಶ್ವಾಸ ತಿದ್ದುಪಡಿಯಲ್ಲಿ ಬಹುಪಾಲು ತಪ್ಪುಗಳಿಗೆ ಅದನ್ನು ತೆಗೆದು 10 ಸಾವಿರದಿಂದ 15 ಲಕ್ಷದ ತನಕ ದಂಡ ಮಾಡಿದರು. ಕೇಸು ವರ್ಷಗಟ್ಟಲೆ ಎಳೆಯುವುದಕ್ಕಿಂತ ದಂಡ ಬೇಗ ಬೀಳುತ್ತದೆ ಅನ್ನುವ ವಾದ ಇದೆ. ನನಗೆ ಅದು ಒಪ್ಪಿಗೆ ಇಲ್ಲ. ದೊಡ್ಡವರಿಗೆ 15 ಲಕ್ಷ ಒಂದು ಖರ್ಚಿನ ಬಾಬತ್ತು ಆಗಿಬಿಡುತ್ತದೆ.

ಅಕ್ಕಾ, ನೀವು ಮಂಡಳಿಗೆ ಬರೆಯಿರಿ. ಚಿಮಣಿಯ ಪರೀಕ್ಷಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ.

ತಾರಿಹಾಳ ಶೆಡ್ | ಜನವರಿ 10, ಸಂಜೆ 7:40

ನಾನು ಸಣ್ಣ ಉದ್ಯಮಿ. ಒಂದು ಶೆಡ್, ಒಂಬತ್ತು ಜನ ಕೆಲಸಗಾರರು. ಸ್ವಲ್ಪ ನಮ್ಮ ಮಾತೂ ಕೇಳಿ.

ಎಲ್ಲಿ ವಾಸನೆ ಬಂದರೂ ಮೊದಲು ಬೆರಳು ಬರುವುದು ಚಿಮಣಿ ಕಡೆ. ಚಿಮಣಿ ಎದ್ದು ಕಾಣುತ್ತದೆ, ಅದಕ್ಕೆ. ನಾನು ಸಮ್ಮತಿ ಪತ್ರಕ್ಕೆ ದುಡ್ಡು ಕಟ್ಟುತ್ತೇನೆ, ಜನರೇಟರ್ ಪೈಪು ಎಷ್ಟು ಎತ್ತರ ಇರಬೇಕು ಅನ್ನುವುದಕ್ಕೂ ಲೆಕ್ಕ ಇದೆ, ಅದೂ ಹಾಕಿಸಿದ್ದೇನೆ. ಅಕ್ಕನವರ ನೋವು ಸುಳ್ಳು ಅನ್ನುತ್ತಿಲ್ಲ. ಆದರೆ ಲೋಹದ ಕೆಲಸದ ವಾಸನೆ ಬೇರೆ, ಸುಟ್ಟ ವೈರಿನ ವಾಸನೆ ಬೇರೆ. ರಾತ್ರಿ ಹನ್ನೊಂದಕ್ಕೆ ನಮ್ಮ ಸಾಲಿನಲ್ಲಿ ಎಷ್ಟೋ ಶೆಡ್ ಬಾಗಿಲು ಹಾಕಿರುತ್ತವೆ. ಬರೆಯುವ ಮೊದಲು ದಯವಿಟ್ಟು ಖಾತ್ರಿ ಮಾಡಿಕೊಳ್ಳಿ.

ಚಿಮಣಿ ಹತ್ತುವವ | ಜನವರಿ 10, ರಾತ್ರಿ 9:05

ಶೆಡ್ ಅಣ್ಣನವರ ಮಾತಿನಲ್ಲಿ ಹುರುಳಿದೆ. ನಾನು ಚಿಮಣಿ ಪರೀಕ್ಷೆ ಮಾಡುವವನಾಗಿ ಎರಡೂ ಕಡೆ ನೋಡಿದ್ದೇನೆ.

ಚಿಮಣಿಯಲ್ಲಿ ಒಂದು ತೂತು ಇರುತ್ತದೆ. ಏಣಿ ಹತ್ತಿ, ಕಟ್ಟೆಯ ಮೇಲೆ ನಿಂತು, ಅದರೊಳಗೆ ಕೊಳವೆ ಇಳಿಸುತ್ತೇವೆ. ಮೊದಲು ಒಳಗೆ ಹೊಗೆ ಯಾವ ವೇಗದಲ್ಲಿ ಹೋಗುತ್ತಿದೆ ನೋಡಿಕೊಂಡು ಅದೇ ವೇಗದಲ್ಲಿ ನಾವು ಎಳೆಯಬೇಕು. ಜೋರಾಗಿ ಎಳೆದರೂ ತಪ್ಪು, ನಿಧಾನ ಎಳೆದರೂ ತಪ್ಪು ಲೆಕ್ಕ ಬರುತ್ತದೆ. ಇದೆಲ್ಲ ಸರಿಯಾಗಿ ಮಾಡಿದರೂ ನಾವು ಬರುವ ದಿನ ಬಾಯ್ಲರ್ ಮೆತ್ತಗೆ ಓಡಿಸುವವರಿದ್ದಾರೆ. ಒಮ್ಮೆ ಒಂದು ಕಡೆ ನಾವು ಇಳಿದು ಗೇಟ್ ದಾಟುವ ಮೊದಲೇ ಹೊಗೆಯ ಬಣ್ಣ ಬದಲಾಯಿತು. ತಿರುಗಿ ನೋಡಿದೆ, ಮತ್ತೆ ಹತ್ತಿ ಅಳೆಯಲು ಯಾರೂ ಹೇಳಲಿಲ್ಲ. ಆ ದಿನ ಈಗಲೂ ಚುಚ್ಚುತ್ತದೆ. ಹೀಗಾಗಬಾರದು ಅಂತಲೇ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ಯಮಗಳ ಚಿಮಣಿಯಲ್ಲಿ ಸದಾ ಓಡುವ ಯಂತ್ರ ಕೂರಿಸಿ ಅಂತ ಕೇಂದ್ರ ಮಂಡಳಿ 2014ರಲ್ಲಿ ಹೇಳಿತು. ಸಣ್ಣ ಶೆಡ್‌ಗಳು ಅದರಲ್ಲಿ ಬರುವುದಿಲ್ಲ.

ಆದರೆ ಅಕ್ಕಾ, ನೀವು ಹೇಳುವ ವಾಸನೆ ಓದಿದಾಗಿನಿಂದ ನನ್ನ ಅನುಮಾನ ಬೇರೆ ಕಡೆ ಇದೆ. ತಾಮ್ರ ತೆಗೆಯಲು ವೈರ್ ಸುಡುತ್ತಾರಲ್ಲ, ಅದು. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್‌ನಲ್ಲಿ ಕ್ಲೋರಿನ್ ಇದೆ. ಸುಟ್ಟಾಗ ಗಂಟಲು ಉರಿಸುವ ಆಸಿಡ್ ಆವಿ ಬರುತ್ತದೆ. ಹಳೆ ವೈರುಗಳ ಪ್ಲಾಸ್ಟಿಕ್‌ನಲ್ಲಿ ಸೀಸವೂ ಇರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಡಯಾಕ್ಸಿನ್, ಇಂಥದ್ದು ಸುಟ್ಟಾಗ ಹುಟ್ಟಿ ಬಹಳ ಕಾಲ ಉಳಿಯುವ ವಿಷ. ತಾಮ್ರ ಜೊತೆಗಿದ್ದರೆ ಅದು ಇನ್ನೂ ಸಲೀಸಾಗಿ ಹುಟ್ಟುತ್ತದೆ. ಇಂಥ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದ ಅಂತ ಇದೆ, ಭಾರತ 2006ರಲ್ಲಿ ಸೇರಿತು. ಅದರ ಡಯಾಕ್ಸಿನ್ ಮೂಲಗಳ ಪಟ್ಟಿಯಲ್ಲಿ ತಾಮ್ರದ ಕೇಬಲ್ ಸುಡುವುದನ್ನು ಹೆಸರು ಹಿಡಿದು ಬರೆದಿದ್ದಾರೆ.

ಆಸ್ಪತ್ರೆ ಕಸ ಸುಡುವ ಘಟಕಕ್ಕೆ ಡಯಾಕ್ಸಿನ್ ಮಿತಿ ಇದೆ, ಒಂದು ಘನ ಮೀಟರ್ ಹೊಗೆಗೆ 0.1 ನ್ಯಾನೋಗ್ರಾಂ. ಎರಡನೇ ಕೋಣೆಯಲ್ಲಿ 1050 ಡಿಗ್ರಿ ಆಸುಪಾಸಿನ ಬಿಸಿ ಇರಬೇಕು, ಹೊಗೆ ಅಲ್ಲಿ ಎರಡು ಸೆಕೆಂಡ್ ನಿಲ್ಲಬೇಕು, ಚಿಮಣಿ 30 ಮೀಟರ್ ಇರಬೇಕು. ಖಾಲಿ ಸೈಟಿನಲ್ಲಿ ಸುಡುವ ವೈರಿಗೆ ಚಿಮಣಿಯೂ ಇಲ್ಲ, ಸಮ್ಮತಿ ಪತ್ರವೂ ಇಲ್ಲ, ಹೊರಗಿನ ಗಾಳಿಯ 12ರ ಪಟ್ಟಿಯಲ್ಲಿ ಡಯಾಕ್ಸಿನ್ನೂ ಇಲ್ಲ.

ಒಂದು ಕೆಲಸ ಮಾಡಿ. ವಾಸನೆ ಬಂದ ರಾತ್ರಿ ಮಹಡಿ ಮೇಲೆ ಹೋಗಿ ಊದಿನಕಡ್ಡಿ ಹಚ್ಚಿ. ಹೊಗೆ ಯಾವ ಕಡೆ ಬಾಗುತ್ತದೆ ನೋಡಿ. ತಾರೀಖು, ಸಮಯ, ದಿಕ್ಕು ಬರೆಯಿರಿ. ವಾಸನೆ ಬಾರದ ರಾತ್ರಿಯೂ ಬರೆಯಬೇಕು, ಅದು ಮುಖ್ಯ.

ಹಾವೇರಿ ಏಲಕ್ಕಿ | ಜನವರಿ 11, ಬೆಳಿಗ್ಗೆ 7:30

ನೀವಾದರೂ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿದ್ದೀರಿ. ಹಾವೇರಿ, ಗದಗ ಆ ಪಟ್ಟಿಯಲ್ಲೇ ಇಲ್ಲ.

ನಮ್ಮ ರಾಣೆಬೆನ್ನೂರು ಕಡೆ 1980ರ ದಶಕದಲ್ಲಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಹಳ್ಳಿಗಳ ಜನ ಎದ್ದು ನಿಂತರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸಂಘಟನೆ ಜೊತೆಗಿತ್ತು. ನಮ್ಮ ತಂದೆ ಹೇಳುತ್ತಿದ್ದರು, ಮೀನು ಸತ್ತು ತೇಲಿದರೆ ಯಾರಿಗೂ ಸಾಕ್ಷಿ ಬೇಕಾಗುತ್ತಿರಲಿಲ್ಲ ಅಂತ. ಗಾಳಿಯಲ್ಲಿ ಹಾಗೆ ತೇಲುವುದು ಏನೂ ಇಲ್ಲ. ನೀವು ಬರೆದಿಡುವುದೇ ಸಾಕ್ಷಿ.

ಗಿರಣಿ ಚಾಳದ ಮೊಮ್ಮಗಳು | ಜನವರಿ 25, ಮಧ್ಯಾಹ್ನ 12:15

ಎರಡು ವಾರ ಬರೆದಿಟ್ಟೆ. ಅತ್ತೆ ನಡುವಲ್ಲಿ ತಾವೇ ಜವಾಬ್ದಾರಿ ತಗೊಂಡರು, ನಾನು ಮಲಗಿದರೂ ಅವರು ಮಹಡಿ ಹತ್ತಿ ಕಡ್ಡಿ ಹಚ್ಚಿದರು.

14 ರಾತ್ರಿಯಲ್ಲಿ 5 ರಾತ್ರಿ ವಾಸನೆ. ಐದೂ ರಾತ್ರಿ ಹೊಗೆ ಪಶ್ಚಿಮಕ್ಕೆ ಬಾಗಿತ್ತು. ಅಂದರೆ ಗಾಳಿ ಬಂದದ್ದು ಪೂರ್ವದಿಂದ. ಶೆಡ್‌ಗಳಿರುವುದು ಪಶ್ಚಿಮಕ್ಕೆ. ಶೆಡ್ ಕಡೆಯಿಂದ ಗಾಳಿ ಬೀಸಿದ ಎರಡು ರಾತ್ರಿ ವಾಸನೆಯೇ ಇರಲಿಲ್ಲ. ತಾರಿಹಾಳದ ಅಣ್ಣಾವರೇ, ನಮ್ಮ ಓಣಿಯ ಪರವಾಗಿ ಕ್ಷಮೆ ಕೇಳುತ್ತೇನೆ. ನಾವು ತಪ್ಪು ಕಡೆ ನೋಡುತ್ತಿದ್ದೆವು.

ಶನಿವಾರ ಹಗಲು ಪಕ್ಕದ ಮನೆಯ ಇಬ್ಬರ ಜೊತೆ ಪೂರ್ವದ ಕಡೆ ನಡೆದೆವು. ಅರ್ಧ ಕಿಲೋಮೀಟರ್‌ನೊಳಗೆ ಖಾಲಿ ಸೈಟಿನಲ್ಲಿ ಕಪ್ಪಗೆ ಸುಟ್ಟ ಜಾಗ. ಕರಗಿ ಗಟ್ಟಿಯಾದ ಪ್ಲಾಸ್ಟಿಕ್, ಕೂದಲೆಳೆಯಂಥ ತಾಮ್ರದ ಚೂರುಗಳು. ಅಲ್ಲಿ ಸಿಕ್ಕವರು ಇಬ್ಬರು ಹುಡುಗರು. ದೊಡ್ಡವನಿಗೆ ಹದಿನಾರು ಇರಬಹುದು. ಗುಜರಿಯವರಿಂದ ವೈರ್ ತಂದು ರಾತ್ರಿ ಸುಟ್ಟು ಬೆಳಿಗ್ಗೆ ತಾಮ್ರ ಕೊಡುತ್ತಾರೆ. ಸುಡುವಾಗ ಪಕ್ಕದಲ್ಲೇ ಕೂತಿರುತ್ತಾರಂತೆ, ಚಳಿಗೆ ಬೆಚ್ಚಗಿರುತ್ತದೆ ಅಂತ. ನಾವು ವಾಸನೆಗೆ ಕಿಟಕಿ ಮುಚ್ಚುತ್ತಿದ್ದೆವು. ಅವರು ಆ ಹೊಗೆಗೇ ಕೈ ಕಾಯಿಸುತ್ತಿದ್ದರು. ಆ ಮಾತು ಕೇಳಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ನವನಗರ ಲಾ | ಜನವರಿ 25, ಮಧ್ಯಾಹ್ನ 2:00

ಅಕ್ಕಾ, ಹುಡುಗರ ಮೇಲೆ ದೂರು ಬರೆಯಬೇಡಿ. ವೈರ್ ಕೊಟ್ಟು ಸುಡಿಸುವವರ ಮೇಲೆ, ಆ ಜಾಗದ ಮೇಲೆ ಬರೆಯಿರಿ. ಬಯಲಲ್ಲಿ ಕಸ ಸುಟ್ಟರೆ 5 ಸಾವಿರ, ದೊಡ್ಡ ಪ್ರಮಾಣದಲ್ಲಾದರೆ 25 ಸಾವಿರ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಆದೇಶ ಮಾಡಿದೆ. ಪಾಲಿಕೆಗೂ ಮಂಡಳಿಗೂ ಒಂದೇ ದಿನ ಕೊಡಿ, ಎರಡಕ್ಕೂ ಸ್ವೀಕೃತಿ ತಗೊಳ್ಳಿ. ಇಲ್ಲದಿದ್ದರೆ ಇವರು ಅವರ ಕೆಲಸ ಅನ್ನುತ್ತಾರೆ, ಅವರು ಇವರ ಕೆಲಸ ಅನ್ನುತ್ತಾರೆ. ಅತ್ತೆಯವರ ಪಟ್ಟಿಯ ನಕಲು ಲಗತ್ತಿಸಿ.

ತಾರಿಹಾಳ ಶೆಡ್ | ಜನವರಿ 25, ಸಂಜೆ 6:20

ಕ್ಷಮೆ ಯಾಕ್ರೀ ಅಕ್ಕಾ, ಬ್ಯಾಡ್ರಿ.

ಸುಟ್ಟ ತಾಮ್ರಕ್ಕಿಂತ ಸುಲಿದ ತಾಮ್ರಕ್ಕೆ ರೇಟು ಜಾಸ್ತಿ. ವೈರಿನ ಸಿಪ್ಪೆ ಸುಲಿಯುವ ಕೈ ಮಷಿನ್ ನಮ್ಮ ಶೆಡ್‌ನಲ್ಲಿ ಒಂದು ಸುಮ್ನೆ ಬಿದ್ದಿದೆ. ದಪ್ಪ ವೈರಿಗೆ ಚೆನ್ನಾಗಿ ನಡೆಯುತ್ತದೆ, ಕೂದಲೆಳೆ ವೈರಿಗೆ ಆಗುವುದಿಲ್ಲ. ಆ ಹುಡುಗರ ಮನೆಯ ದೊಡ್ಡವರು ಯಾರಾದರೂ ಬರಲಿ, ತೋರಿಸಿ ಕೊಡುತ್ತೇನೆ.

ಗಿರಣಿ ಚಾಳದ ಮೊಮ್ಮಗಳು | ಫೆಬ್ರವರಿ 3, ರಾತ್ರಿ 10:50

ಎರಡೂ ಕಡೆ ದೂರು ಕೊಟ್ಟೆ, ಸ್ವೀಕೃತಿ ಇದೆ. ಪಾಲಿಕೆಯಿಂದ ಒಬ್ಬರು ಬಂದು ಜಾಗ ನೋಡಿ ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಆರು ರಾತ್ರಿ ವಾಸನೆ ಇಲ್ಲ. ನಿನ್ನೆ ಸ್ವಲ್ಪ ಹೊತ್ತು ಮತ್ತೆ ಬಂತು. ಅತ್ತೆ ಬರೆದಿಟ್ಟಿದ್ದಾರೆ. ಹುಡುಗರ ತಾಯಿ ನಾಡಿದ್ದು ಶೆಡ್‌ಗೆ ಹೋಗುತ್ತೇನೆ ಅಂದಿದ್ದಾರೆ, ಜೊತೆಗೆ ನಾನೂ ಹೋಗುತ್ತೇನೆ.

ಸೋಮವಾರ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆ. ಕೇಳಿದ್ದು ಎರಡೇ ಪ್ರಶ್ನೆ. ಹುಬ್ಬಳ್ಳಿ-ಧಾರವಾಡದ ಗಾಳಿಯಲ್ಲಿ ಬೆಂಜೀನ್, ಬೆಂಜೋಪೈರೀನ್, ಆರ್ಸೆನಿಕ್, ನಿಕ್ಕಲ್ ಕೊನೆಯ ಸಲ ಅಳೆದದ್ದು ಯಾವ ದಿನ, ಯಾವ ಜಾಗದಲ್ಲಿ? ಅಂಕಿ ಎಷ್ಟು ಬಂತು? 30 ದಿನದೊಳಗೆ ಉತ್ತರ ಕೊಡಬೇಕು. ಬಂದ ದಿನ ಇಲ್ಲೇ ಹಾಕುತ್ತೇನೆ.

ಹಾವೇರಿ ಏಲಕ್ಕಿ | ಫೆಬ್ರವರಿ 4, ಬೆಳಿಗ್ಗೆ 6:40

ಅರ್ಜಿಯ ಫೋಟೋ ಹಾಕಿ ತಂಗೀ. ಊರ ಹೆಸರು ಬದಲಿಸಿ ಹಾವೇರಿಗೆ ನಾನೊಂದು ಹಾಕುತ್ತೇನೆ.